ಒಂದೇ ಜಾಗಕ್ಕೆ ಎರಡು ಕಾರ್ಡು

ಈಗ ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಬೇಕಿದ್ದರೆ ಹೆಬ್ಬೆರಳು ಒಮ್ಮೆ ಆಡಿಸಿದರೆ ಮುಗಿಯಿತು. ಅದನ್ನು ನೋಡಿದಾಗೆಲ್ಲ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಒಂದು ಡಿಸ್ಕಿನಲ್ಲಿದ್ದದ್ದನ್ನು ಅದರ ಪಕ್ಕದಲ್ಲೇ, ಗೇಣು ದೂರದಲ್ಲಿ ಕೂತಿದ್ದ ಇನ್ನೊಂದು ಡಿಸ್ಕಿಗೆ ದಾಟಿಸಲು ನಾನೂ ನನ್ನ ಗಂಡನ ಅಣ್ಣನೂ ಸೇರಿ ಪಟ್ಟದ್ದು ನಾಯಿಪಾಡು. ಸೇರಿ ಅಂದೆನಲ್ಲ, ಅದೇ ತಪ್ಪು ಮಾತು. ನಾವು ಸೇರಿರಲಿಲ್ಲ. ಆ ಮನೆಯಲ್ಲಿ ನಾವಿಬ್ಬರು ಸೇರುವಂತೆ ಇರಲೂ ಇಲ್ಲ.

ನಾನು ಹನುಮಸಾಗರದವಳು. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಮೂಗಿನ ತುದಿಯಲ್ಲೇ ಇರುತ್ತದೆ. ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಕಾಂ. ಮುಗಿಸಿದೆ. ಆಗಷ್ಟೇ ಶುರುವಾಗಿದ್ದ ಒಂದು ಕಂಪ್ಯೂಟರ್ ಕ್ಲಾಸಿಗೂ ಹೋಗಿಬಂದೆ. ಆಮೇಲೆ ಲಗ್ನವಾಗಿ ಕೊಪ್ಪಳಕ್ಕೆ ಬಂದೆ. ಮಾತುಕತೆಯ ದಿನ ನಮ್ಮಪ್ಪ ಬೀಗರಿಗೆ, "ಹುಡುಗಿ ಶಾಣ್ಯಾಳು ಅದಾಳ್ರಿ, ಬಾಯಿ ಮಾತ್ರ ಸ್ವಲ್ಪ ಜೋರು" ಅಂತ ಮೊದಲೇ ಹೇಳಿಬಿಟ್ಟಿದ್ದ. ಮಾವ ನಕ್ಕು, "ಇರ್ಲಿ ಬಿಡ್ರಿ, ನಮ್ಮನ್ಯಾಗ ಮಾತಾಡಾವ್ರು ಕಡಿಮಿ ಅದಾರ" ಅಂದಿದ್ದರಂತೆ. ಯಾಕೆ ಕಡಿಮೆ ಅನ್ನುವುದು ನನಗೆ ಮನೆ ತುಂಬಿಸಿಕೊಂಡ ಮೇಲೆ ತಿಳಿಯಿತು.

ಆ ಮನೆಯಲ್ಲಿ ಸೊಸೆ ಮಾವನ ಎದುರು ಕೂಡುವಂತಿಲ್ಲ. ಭಾವನ ಜೊತೆ, ಅಂದರೆ ಗಂಡನ ಅಣ್ಣನ ಜೊತೆ, ನೇರ ಮಾತಾಡುವಂತೆಯೇ ಇಲ್ಲ. ಅವರು ಪಡಸಾಲೆಗೆ ಬಂದರೆ ನಾನು ತಲೆ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಗೆ. ಅವರಿಗೆ ಏನಾದರೂ ತಿಳಿಸಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. "ಅತ್ತಿ, ರೊಟ್ಟಿ ಆಗ್ಯಾವಂತ ಹೇಳ್ರಿ" ಅಂತ ನಾನು ಬಾಗಿಲ ಹಿಂದಿನಿಂದ ಅನ್ನುತ್ತಿದ್ದೆ. ಭಾವ ಅಲ್ಲೇ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಿರುತ್ತಿದ್ದರು. ಆದರೂ ಅತ್ತೆ ಎದ್ದು ಬಂದು "ರೊಟ್ಟಿ ಆಗ್ಯಾವಂತಪಾ" ಅನ್ನುವವರೆಗೆ ಅಲುಗಾಡುತ್ತಿರಲಿಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬಂತು, ಆಮೇಲೆ ರೂಢಿಯಾಯಿತು. ಈಗ ನೆನೆದರೆ ಅದರಲ್ಲೊಂದು ಮರ್ಯಾದೆ ಇತ್ತು ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮಾತಷ್ಟೇ ಅಲ್ಲ, ಒಬ್ಬರ ವಸ್ತು ಇನ್ನೊಬ್ಬರು ಮುಟ್ಟುವುದೂ ಇಲ್ಲ. ಭಾವ ಇಟ್ಟ ಸಾಮಾನು ಅವರು ಇಟ್ಟಲ್ಲೇ ಇರಬೇಕು, ಹಿರಿಯರ ಕೈಯ ಕೆಲಸವನ್ನು ಸೊಸೆ ಹಿಂದುಮುಂದು ಮಾಡಬಾರದು. ಅವರೂ ಅಷ್ಟೇ. ನನ್ನ ಬಾಚಣಿಕೆ ಕಟ್ಟೆಯ ಮೇಲೆ ಬಿದ್ದಿದ್ದರೆ ಅದನ್ನು ಸುತ್ತಿ ಹಾಯ್ದು ಹೋಗುತ್ತಿದ್ದರು. ಒಮ್ಮೆ ಮಳೆ ಬಂದಾಗ ಹಗ್ಗದ ಮೇಲಿದ್ದ ಎಲ್ಲರ ಬಟ್ಟೆಯನ್ನೂ ಒಳಗೆ ತಂದು, ನನ್ನ ಸೀರೆ ಒಂದನ್ನು ಮಾತ್ರ ತೋಯಲು ಬಿಟ್ಟಿದ್ದರು ಪುಣ್ಯಾತ್ಮರು.

ಮನೆಯಲ್ಲಿ ಆಗ ಇದ್ದವರು ನಾವು ನಾಲ್ಕೇ ಮಂದಿ. ನಮ್ಮನೆಯವರದು ಕುಷ್ಟಗಿಯಲ್ಲಿ ಸರಕಾರಿ ನೌಕರಿ, ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುವವರು. ಭಾವನ ಹೆಂಡತಿ ಬಾಣಂತನಕ್ಕೆಂದು ಇಟಗಿಯ ತವರಿಗೆ ಹೋಗಿದ್ದಳು. ಮಾವ ದಿನಾ ತಳಕಲ್ಲಿನ ಹೊಲಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಭಾವನದು ಬಜಾರದಲ್ಲಿ ರೇಡಿಯೋ ಅಂಗಡಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಪ್ಪಳದಲ್ಲಿ ಕಂಪ್ಯೂಟರನ್ನು ಕಣ್ಣಿಂದ ಕಂಡವರೇ ಕಡಿಮೆ. ಗಂಗಾವತಿ ಕಡೆಯ ಕ್ಯಾಂಪಿನ ಒಬ್ಬ ರೈಸ್‌ಮಿಲ್ ಸಾಹುಕಾರರು ಟೇಪ್‌ರೆಕಾರ್ಡರ್ ರಿಪೇರಿಗೆ ಭಾವನ ಅಂಗಡಿಗೆ ಬಂದವರು ತಮ್ಮ ಕಂಪ್ಯೂಟರಿನ ಗೋಳು ತೋಡಿಕೊಂಡರಂತೆ. ಕಾಲುವೆ ಬಂದ ಹೊಸದರಲ್ಲಿ ಆಂಧ್ರದಿಂದ ಬಂದು ನೆಲೆಸಿದ ಕುಟುಂಬ ಅವರದು. ಅಂಥವರು ಕಟ್ಟಿಕೊಂಡ ಹಳ್ಳಿಗಳಿಗೇ ನಮ್ಮ ಕಡೆ ಕ್ಯಾಂಪು ಅನ್ನುವುದು. ಭಾವ ಸಂಜೆ ಊಟಕ್ಕೆ ಕೂತಾಗ, "ಅವ್ವಾ, ಸಾಹುಕಾರ್ರು ಕಂಪ್ಯೂಟರ್ ಕಲ್ತಾವ್ರು ಯಾರರ ಅದಾರೇನಂತ ಕೇಳಾಕತ್ತಿದ್ರು" ಅಂತ ಅತ್ತೆಗೆ ಹೇಳಿದರು. ಹೇಳಿದ್ದು ಅತ್ತೆಗೆ, ದನಿ ಮಾತ್ರ ಅಡುಗೆಮನೆಯ ಒಲೆಯವರೆಗೂ ಮುಟ್ಟುವಷ್ಟಿತ್ತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

"ಅತ್ತಿ, ನನಗ ಬರ್ತೈತಂತ ಹೇಳ್ರಿ" ಅಂದೆ.

ಪಡಸಾಲೆಯಲ್ಲಿ ಮಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿರಬೇಕು. ಆ ಮನೆಯ ಸೊಸೆಯಂದಿರು ಯಾರೂ ಹೊರಗಿನವರ ಕೆಲಸ ಹಿಡಿದವರಲ್ಲ. ಆಮೇಲೆ ಮಾವನ ದನಿ ಬಂತು. "ಮನ್ಯಾಗ ಕುಂತು ಮಾಡೂದಿದ್ರ ಮಾಡ್ಲಿ. ಒಂದ್ ಸಲ ನೋಡೂಣು. ಆಗಲಿಲ್ಲಂದ್ರ ಮುಂದ ಕಂಪ್ಯೂಟರ್ ಅಂತ ಹೆಸರೆತ್ತಬಾರದು, ನೋಡ್ ಮತ್ತ."

ಅದೂ ಅತ್ತೆಗೇ ಹೇಳಿದ್ದು.

ಆ ಕೆಲಸ ನನಗೆ ಎಷ್ಟು ಬೇಕಿತ್ತು ಅನ್ನುವುದನ್ನು ಈಗಿನವರಿಗೆ ಹೇಗೆ ತಿಳಿಸಿ ಹೇಳಲಿ. ಮಧ್ಯಾಹ್ನ ಎಲ್ಲ ಕೆಲಸ ಮುಗಿಸಿ ಒರಗಿದರೆ ಬೆರಳು ತಾವಾಗಿಯೇ ಚಾಪೆಯ ಮೇಲೆ ಅಕ್ಷರ ಒತ್ತುತ್ತಿದ್ದವು. ಕಲಿತದ್ದು ದಿನಾ ಸ್ವಲ್ಪ ಸ್ವಲ್ಪ ಮರೆತುಹೋಗುತ್ತಿದೆ ಅನ್ನುವ ಹೆದರಿಕೆ ಬೇರೆ. ಅತ್ತೆ ಒಳ್ಳೆಯವರು, ಮನೆಯಲ್ಲಿ ಉಂಡುಟ್ಟು ಇರಲು ಏನೂ ಕಡಿಮೆ ಇರಲಿಲ್ಲ. ಆದರೆ ನಾನು ನಾನೇ ಅನ್ನಿಸುವಂಥದ್ದು ಆ ಮನೆಯಲ್ಲಿ ಒಂದೂ ಇರಲಿಲ್ಲ. ಅದು ಇನ್ನೊಂದು ಸಲ ಕೇಳಿ ಬರುವ ಅವಕಾಶವೂ ಅಲ್ಲ. ಮಾವ ಒಂದು ಮಾತು ಆಡಿದರೆ ಆಡಿದಂತೆಯೇ.

ಕಂಪ್ಯೂಟರು ದೀಪಾವಳಿಗೆ ಮುಂಚೆ ಟೆಂಪೋದಲ್ಲಿ, ಭತ್ತದ ಹುಲ್ಲಿನ ಮೇಲೆ ಕೂತು ಬಂತು. ಜೊತೆಗೆ ಸಾಹುಕಾರರೂ ಬಂದರು. ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿ ಇಟ್ಟರು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಿದರು. ಸಾಹುಕಾರರು ಚಹಾ ಕುಡಿಯುತ್ತ, ತಮ್ಮ ಹಳೆಯ ಡಿಸ್ಕು ಇವತ್ತೋ ನಾಳೆಯೋ ಅನ್ನುವ ಹಾಗಿದೆ, ಅದರಲ್ಲಿ ಯಾವ ಕ್ಯಾಂಪಿನವರು ಎಷ್ಟು ಚೀಲ ಭತ್ತ ಕೊಟ್ಟರು ಅನ್ನುವುದೆಲ್ಲ ಇದೆ, ಹೊಸ ಡಿಸ್ಕು ತರಿಸಿದ್ದೇನೆ, ಹಳೆಯದರಲ್ಲಿದ್ದದ್ದು ಹೊಸದಕ್ಕೆ ಬರಬೇಕು ಅಂದರು. "ಹಬ್ಬ ಆದಮ್ಯಾಲೆ ಸೋಮವಾರ ಸಂಜೆ ಬರ್ತೀನಿ. ಆಯ್ತು ಅಂದ್ರೆ ವರ್ಷಪೂರ್ತಿ ಕೆಲಸ ನಿಮ್ಮನೇಗೇ ಕಳಿಸ್ತೀನಿ. ಆಗಲಿಲ್ಲ ಅಂದ್ರೆ ಹುಬ್ಬಳ್ಳಿಯವ್ರಿಗೆ ಕೊಡಬೇಕಾಗ್ತದೆ, ಹೊಸ ಭತ್ತ ಬರ್ತದೆ ಕದಾ" ಅಂತ ತೆಲುಗು ಬೆರೆಸಿ ಹೇಳಿ ಹೋದರು.

ಕೇಳಲು ಸಣ್ಣ ಕೆಲಸ. ಆದರೆ ಆ ಕಾಲದ ಡಿಸ್ಕುಗಳ ಸಂಗತಿಯೇ ಬೇರೆ. ಡಿಸ್ಕು ತನ್ನಷ್ಟಕ್ಕೆ ಏನೂ ಮಾಡದು. ಯಂತ್ರದೊಳಗೆ ಒಂದು ಕಾರ್ಡು ಸಿಗಿಸಬೇಕು. ಅಂಗೈ ಅಗಲದ ಹಸಿರು ಹಲಗೆ, ಅದರ ತುಂಬ ಕಪ್ಪು ಚಿಪ್ಪುಗಳು. ಡಿಸ್ಕನ್ನು ತಿರುಗಿಸುವುದು, ಓದುವುದು, ಬರೆಯುವುದು ಎಲ್ಲ ಆ ಕಾರ್ಡಿನ ಅಪ್ಪಣೆ. ಒಂದು ಕಾರ್ಡು ಬರೆದದ್ದನ್ನು ಅದೇ ಕಾರ್ಡೇ ಓದಬೇಕು, ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಹಳೆ ಡಿಸ್ಕಿಗೆ ಹಳೆ ಕಾರ್ಡು, ಹೊಸ ಡಿಸ್ಕಿಗೆ ಹೊಸ ಕಾರ್ಡು, ಎರಡೂ ಒಂದೇ ಯಂತ್ರದ ಹೊಟ್ಟೆಯಲ್ಲಿ ಕೂಡಬೇಕು. ಫ್ಲಾಪಿಯಲ್ಲಿ ತುಂಬಿಕೊಂಡು ಸಾಗಿಸೋಣವೆಂದರೆ ಅದನ್ನು ತೂರಿಸುವ ಗೂಡು ಮಿಲ್ಲಿನ ತೌಡಿನ ಧೂಳು ತಿಂದು ಯಾವತ್ತೋ ಸತ್ತಿತ್ತು.

ಹಳೆ ಕಾರ್ಡಿನ ಬೆಸುಗೆ ಬಿಟ್ಟಿತ್ತು, ಅದರ ಅಂಚಿಗೆ ಕಿಲುಬು ಹಿಡಿದಿತ್ತು. ಅದನ್ನು ಭಾವನೇ ನೋಡಿಕೊಳ್ಳಬೇಕೆಂದು ಮಾವ ಹೇಳಿದರು. ರೇಡಿಯೋದವರ ಕೈ, ಬೆಸುಗೆಯ ಕೈ, ಸರಿಯೇ. ಹೊಸ ಕಾರ್ಡಿನ ಜೊತೆ ಇಂಗ್ಲಿಷ್ ಪುಸ್ತಕವಿತ್ತು. ಅದು ನನಗೆ. ಹೀಗೆ ಹಳೆಯದು ಅವರ ಪಾಲು, ಹೊಸದು ನನ್ನ ಪಾಲು ಆಯಿತು. ನಾನು ಮಧ್ಯಾಹ್ನ, ಗಂಡಸರು ಯಾರೂ ಇಲ್ಲದಾಗ, ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನ ಕಾರ್ಡು ಕೂಡಿಸುತ್ತಿದ್ದೆ. ಭಾವ ತಮ್ಮ ಕಾರ್ಡನ್ನು ದಿನಾ ಅಂಗಡಿಗೆ ಒಯ್ದು ರಬ್ಬರಿನಿಂದ ತಿಕ್ಕಿ, ಬೆಸುಗೆ ಹಾಕಿ, ಸಂಜೆ ತಂದು ಸಿಗಿಸಿ ಮುಚ್ಚಳ ಬಿಗಿಯುತ್ತಿದ್ದರು. ನಾನು ಆಗ ಒಲೆಯ ಮುಂದೆ. ನನ್ನ ಕಾರ್ಡು ಅವರ ಕಣ್ಣೆದುರೇ ಇದ್ದರೂ ಅವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಅಂತ ಅತ್ತೆ ಆಮೇಲೆ ಹೇಳಿದರು. ತಮ್ಮನ ಹೆಂಡತಿಯ ಟ್ರಂಕು ತೆರೆದಷ್ಟು ಸಂಕೋಚ.

ಇನ್ನು ಕರೆಂಟು. ಹಗಲೆಲ್ಲ ಸುತ್ತಲಿನ ಹೊಲಗಳ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಸಂಜೆಯಾದರೆ ಮನೆಮನೆಯ ದೀಪ. ವೋಲ್ಟೇಜು ಎಷ್ಟು ಇಳಿಯುತ್ತಿತ್ತು ಅಂದರೆ ಬಲ್ಬಿನೊಳಗಿನ ತಂತಿ ಕೆಂಪಗೆ ಎಳೆಎಳೆಯಾಗಿ ಕಾಣುತ್ತಿತ್ತು. ಅಂಥ ಕರೆಂಟಿನಲ್ಲಿ ಚಾಲೂ ಮಾಡಿದರೆ ಸಾಯಲು ನಿಂತ ಡಿಸ್ಕು ಸತ್ತೇಹೋಗುತ್ತದೆ ಅಂತ ಭಾವ ಎಚ್ಚರ ಹೇಳಿ ಕಳಿಸಿದ್ದರು. ಬೆಳಗಿನ ಜಾವ ಮಾತ್ರ ಸ್ಟೆಬಿಲೈಸರಿನ ಮುಳ್ಳು ಸರಿಯಾದ ಗೆರೆಯ ಮೇಲೆ ನಿಲ್ಲುತ್ತಿತ್ತು. ಆದ್ದರಿಂದ ಯಂತ್ರ ಚಾಲೂ ಆಗುವುದು ದಿನಕ್ಕೊಂದೇ ಹೊತ್ತು, ಕೋಳಿ ಕೂಗಿದ ಮೇಲೆ.

ಆ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟಿವೆ. ಕಾರ್ತಿಕದ ಚಳಿ. ಹಂಡೆಗೆ ಉರಿ ಹಾಕಿದ ಹೊಗೆ ಹಿತ್ತಲಿಂದ ಪಡಸಾಲೆಗೆ ಬರುತ್ತಿತ್ತು. ಮಾವ ಕಂಬಳಿ ಹೊದ್ದು ಕಂಬಕ್ಕೆ ಒರಗಿ ಕೂಡುತ್ತಿದ್ದರು. ಭಾವ ಯಂತ್ರದ ಮುಂದೆ, ನಾನು ಅಡುಗೆಮನೆಯ ಬಾಗಿಲ ಹಿಂದೆ, ಅತ್ತೆ ನಡುವೆ ಹೊಸ್ತಿಲ ಮೇಲೆ. ಭಾವ ಸ್ವಿಚ್ಚು ಒತ್ತಿದರೆ ಹಳೆ ಡಿಸ್ಕು ಮಜ್ಜಿಗೆ ಕಡೆದಂತೆ ಗುರ್ ಅಂತ ಎದ್ದೇಳುವುದು. ಆ ಪಡಸಾಲೆ ಈಗಿಲ್ಲ, ಕಂಬ ತೆಗೆದು ಸ್ಲ್ಯಾಬು ಹಾಕಿಸಿದ್ದೇವೆ. ಅತ್ತೆ ಮಾವನೂ ಇಲ್ಲ. ಆದರೆ ಎಲ್ಲಾದರೂ ಹಳೆ ಫ್ಯಾನು ಗುರ್ ಅಂದರೆ ಸಾಕು, ನನಗೆ ಆ ಹೊಗೆಯ ವಾಸನೆ ಬರುತ್ತದೆ.

ಮೊದಲ ಬೆಳಗ್ಗೆ ಎರಡು ಕಾರ್ಡೂ ಹಾಕಿ ಚಾಲೂ ಮಾಡಿದಾಗ ಪರದೆ ಕಪ್ಪಗೆ ಹಾಗೇ ಕೂತಿತು. ಒಂದಕ್ಷರವಿಲ್ಲ. ಒಂದು ಕಾರ್ಡು ತೆಗೆದರೆ ಇನ್ನೊಂದು ಸುಸೂತ್ರ. ಎರಡೂ ಕೂತವೋ, ಮುನಿಸು.

"ಏನಾತಂತ?" ಅಂದರು ಮಾವ.

"ಜಗಳ ಮಾಡಾಕತ್ತಾವ" ಅಂದರು ಭಾವ.

"ಕಬ್ಬಿಣದ ಸಾಮಾನಿಗೆ ಎಂಥಾ ಜಗಳೋ. ಅವೇನು ಒಂದ ಮನಿಗೆ ಬಂದ ನೆಗೆಣ್ಣ್ಯಾರೇನು" ಅಂತ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಪುಸ್ತಕ ಹಿಡಿದು ಕೂತೆ. ಸಣ್ಣ ಅಕ್ಷರ, ಓದಿ ಓದಿ ಕಣ್ಣು ಉರಿದವು. ಕಡೆಗೆ ಸಿಕ್ಕಿತು. ಯಂತ್ರದೊಳಗೆ ಪ್ರತಿ ಕಾರ್ಡಿಗೂ ಮನೆಗೆ ನಂಬರು ಇದ್ದಂತೆ ಒಂದು ಜಾಗ ಗೊತ್ತಾಗಿರುತ್ತದೆ. ಈ ಎರಡೂ ಕಾರ್ಡುಗಳು ಹುಟ್ಟುವಾಗಲೇ ಒಂದನೇ ಜಾಗ ನನ್ನದು ಅನ್ನುತ್ತ ಹುಟ್ಟಿದಂಥವು. ಯಂತ್ರ ಒಂದನೇ ಮನೆಯ ಬಾಗಿಲು ಬಡಿದರೆ ಒಳಗಿಂದ ಇಬ್ಬರೂ ಓಗೊಡುತ್ತಾರೆ, ಯಂತ್ರ ಕಂಗಾಲಾಗಿ ನಿಲ್ಲುತ್ತದೆ. ಬಗೆಹರಿಸುವ ದಾರಿಯೂ ಬರೆದಿತ್ತು. ಕಾರ್ಡಿನ ಮೇಲೆ ಸಾಲಾಗಿ ಸೂಜಿಮೊಳೆಗಳಿದ್ದವು. ಅವುಗಳಲ್ಲಿ ಎರಡಕ್ಕೆ ಸೇರಿಸಿ ಒಂದು ಪುಟ್ಟ ಕಪ್ಪು ಟೊಪ್ಪಿಗೆ ತೊಡಿಸಿರುತ್ತದೆ. ಆ ಟೊಪ್ಪಿಗೆ ಕಿತ್ತು ಪಕ್ಕದ ಜೋಡಿಗೆ ತೊಡಿಸಿದರೆ ಕಾರ್ಡು ಎರಡನೇ ಜಾಗಕ್ಕೆ ಸರಿಯುತ್ತದೆ. ಅಷ್ಟೇ. ಇಬ್ಬರಲ್ಲಿ ಒಬ್ಬರು ಸರಿದರೆ ಸಾಕು.

ಯಾರು ಸರಿಯಬೇಕು ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ. ಹಳೆಯದು ಹಿರಿಯದು, ಮೇಲಾಗಿ ಭಾವನ ಕೈಯಲ್ಲಿರುವುದು. ಅದರ ಜಾಗ ಅದಕ್ಕಿರಲಿ ಅಂತ ನನ್ನ ಕಾರ್ಡಿನ ಟೊಪ್ಪಿಗೆಯನ್ನೇ ಹುಬ್ಬಿನ ಚಿಮಟಿಗೆಯಿಂದ ಕಿತ್ತು ಪಕ್ಕಕ್ಕೆ ಹಾಕಿದೆ. ಮನಸ್ಸು ಹಗುರಾಯಿತು. ಸಂಜೆ ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಮರುದಿನ ಬೆಳಗ್ಗೆ ಪರದೆಯ ಮೇಲೆ ಒಂದು ಅಂಕೆ ಮೂಡಿತು. ತಪ್ಪಾಗಿದೆ ಅನ್ನುವುದಕ್ಕೆ ಯಂತ್ರ ತೋರಿಸುವ ಅಂಕೆ. ಅಲ್ಲಿಗೇ ನಿಂತಿತು.

ನಾನು ಬಾಗಿಲ ಹಿಂದೆ ಹಣೆ ಗೋಡೆಗೆ ಒತ್ತಿ ನಿಂತೆ. ನಿನ್ನೆ ಬರೀ ಕತ್ತಲೆ, ಇವತ್ತು ಅಂಕೆ. ಅಂದರೆ ನಾನು ಸರಿಸಿದ್ದರಿಂದಲೇ ಇನ್ನೊಂದು ಬಗೆಯಲ್ಲಿ ಕೆಟ್ಟಿತು. ನನ್ನ ಕೈಯಿಂದಲೇ ಆದದ್ದು ಅಂದುಕೊಂಡು ಮಧ್ಯಾಹ್ನ ಟೊಪ್ಪಿಗೆಯನ್ನು ಮೊದಲಿನ ಜಾಗಕ್ಕೇ ತಂದೆ. ಮಾರನೆಯ ಬೆಳಗ್ಗೆ ಮತ್ತೆ ಕತ್ತಲೆ. ಮತ್ತೆ ಸರಿಸಿದೆ. ಮತ್ತೆ ಅದೇ ಅಂಕೆ. ಹಬ್ಬದ ದಿನ ಎಣ್ಣೆಸ್ನಾನ ಮಾಡಿ, ಆರತಿ ಬೆಳಗಿ, ಹೋಳಿಗೆ ತಟ್ಟುತ್ತಲೂ ನನ್ನ ತಲೆಯಲ್ಲಿ ಆ ಟೊಪ್ಪಿಗೆಯೇ. ನಮ್ಮನೆಯವರು ಹಬ್ಬಕ್ಕೆಂದು ಬಂದವರು, "ಯಾಕ ಹಿಂಗ ಗಂಟ್ ಮಾರಿ ಹಾಕ್ಕೊಂಡಿ?" ಅಂತ ಕೇಳಿ ನನ್ನಿಂದ ಬೈಸಿಕೊಂಡು, ಮರುದಿನ ಸುಮ್ಮನೆ ಪಟಾಕಿ ಹೊಡೆಯಲು ಗೆಳೆಯರ ಮನೆಗೆ ಹೋದರು.

ಭಾವನನ್ನು ಕೇಳಿಬಿಡಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಅತ್ತೆಯ ಮೂಲಕ ಕೇಳಲು ನಾನು ಹಲವು ಸಲ ಬಾಯಿ ತೆರೆದೆ. ಆದರೆ ಏನಂತ ಕೇಳುವುದು? ನಿಮ್ಮ ಕಾರ್ಡು ಸರಿಯಾಗಿ ಕೂಡಿಸಿದ್ದೀರಾ ಅಂತಲೇ? ಹಿರಿಯರ ಕೆಲಸದ ಮೇಲೆ ಸೊಸೆ ಅನುಮಾನ ತೆಗೆದಂತೆ. ಭಾವನೂ ಅತ್ತೆಯ ಮೂಲಕ ಕಳಿಸುತ್ತಿದ್ದದ್ದು ಇಷ್ಟೇ: "ಅಕೀಗೆ ಹೇಳವ್ವ, ಹೆದರಬ್ಯಾಡಂತ. ಆಗತೈತಿ." ಅದನ್ನು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಸೋಮವಾರ ಬಂದೇಬಿಟ್ಟಿತು. ಸಂಜೆ ಸಾಹುಕಾರರು ಬರುವವರಿದ್ದರು. ನಮ್ಮನೆಯವರು ಮೊದಲ ಬಸ್ಸಿಗೆ ಹೊರಟುಹೋದರು. ಹಿಂದಿನ ಮಧ್ಯಾಹ್ನ ನಾನು ದೇವರ ಮೇಲೆ ಭಾರ ಹಾಕಿ ಟೊಪ್ಪಿಗೆಯನ್ನು ಮತ್ತೊಮ್ಮೆ ಎರಡನೇ ಜಾಗಕ್ಕೆ ಸರಿಸಿದ್ದೆ. ಭಾವ ಸ್ವಿಚ್ಚು ಒತ್ತಿದರು. ಗುರ್ ಅಂತ ಎದ್ದಿತು.

ಅದೇ ಅಂಕೆ.

ಮಾವ ಕಂಬಳಿ ಕೊಡವಿ ಎದ್ದರು. "ಸಾಕಿನ್ನ. ಸಂಜೀಕ ಸಾಹುಕಾರ್ರು ಬಂದ್ರ ಎತ್ತಿ ಕೊಟ್ಟು ಕಳಿಸ್ರಿ" ಅಂದರು.

ಸಿಟ್ಟೋ, ದುಃಖವೋ, ಆಗ ಗೊತ್ತಾಗಲಿಲ್ಲ. ಎರಡೂ ಇದ್ದವು. ಸೆರಗು ತಲೆಯಿಂದ ಜಾರಿತ್ತು, ಅದನ್ನೂ ನೋಡಲಿಲ್ಲ. ಹೊಸ್ತಿಲ ಮೇಲಿದ್ದ ಅತ್ತೆಯನ್ನು ದಾಟಿ ಪಡಸಾಲೆಗೆ ಬಂದು ನಿಂತು, ಭಾವನ ಮುಖವನ್ನೇ ನೋಡಿ, ನೇರವಾಗಿ ಕೇಳಿಯೇಬಿಟ್ಟೆ.

"ಭಾವಾರ, ನೀವು ನಿಮ್ಮ ಕಾರ್ಡಿನ ಟೊಪ್ಪಿಗಿ ಸರಿಸೀರೇನು?"

ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಮಾವ ಕಂಬಳಿ ಮಡಚುತ್ತಿದ್ದವರು ಹಾಗೇ ನಿಂತರು. ಭಾವ ನನ್ನ ಕಡೆ ನೋಡಲಿಲ್ಲ. ಎದುರಿನ ಗೋಡೆಯ ಕ್ಯಾಲೆಂಡರು ನೋಡಿದರು, ತಾಯಿಯ ಕಡೆ ನೋಡಿದರು. ಅತ್ತೆ ನನ್ನ ಪ್ರಶ್ನೆಯನ್ನು ಮತ್ತೊಮ್ಮೆ ಹೇಳಲಿ ಅಂತ ಕಾದರೇನೋ. ಅತ್ತೆ ಬಾಯಿ ಬಿಚ್ಚಲಿಲ್ಲ.

"ಹೂಂ" ಅಂದರು ಭಾವ ಕಡೆಗೆ, ಗೋಡೆಗೆ. "ಸರಿಸೀನಿ. ಹೊಸಪ್ಯಾಟಿ ಮೆಕ್ಯಾನಿಕ್ ಒಬ್ಬಾಂವ ಹೇಳಿದ್ದ, ಒಂದ್ ಜಾಗಾದಾಗ ಎರಡು ಕುಂದ್ರೂದಿಲ್ಲಂತ. ಹೊಸಾದು ಮನಿಗೆ ಬಂದೈತಿ, ಅದಕ್ಕ ಮೊದಲನೇ ಜಾಗಾ ಬಿಡೂಣು ಅಂತ ನಂದು ಆಕಡೆ ಸರಿಸಿದೆ."

"ಯಾವಾಗ ಸರಿಸಿದ್ರಿ?"

"ಮೊದಲನೇ ದಿನಾನ. ಆಗಲಿಲ್ಲಲ್ಲ, ನನ್ನಿಂದನ ಕೆಟ್ಟಿತು ಅಂತ ಮರದಿನ ಹೊಳ್ಳಿ ತಂದೆ. ನಿನ್ನಿ ಮತ್ತ ಸರಿಸೀನಿ."

ನನಗೆ ಕೂಗಬೇಕು ಅನ್ನಿಸಿತು, ನಗಬೇಕು ಅನ್ನಿಸಿತು. "ನಾನೂ ಅದನ್ನ ಮಾಡೀನ್ರಿ" ಅಂದೆ. "ನಿಮ್ಮದು ಹಿರೇದು, ಅದಕ್ಕ ಜಾಗಾ ಇರಲಿ ಅಂತ ನಂದು ಸರಿಸಿದೆ. ನೀವು ಸರಿಸಿದ ದಿನಾನ ನಾನೂ ಸರಿಸೀನಿ. ನೀವು ಹೊಳ್ಳಿ ತಂದ ದಿನಾನ ನಾನೂ ಹೊಳ್ಳಿ ತಂದೀನಿ."

ಇಕ್ಕಟ್ಟಿನ ಸಂದಿಯಲ್ಲಿ ಎದುರಾದ ಇಬ್ಬರು ಹಾದಿ ಬಿಡಲು ಹೋಗಿ ಒಂದೇ ಕಡೆ ಸರಿದು ಸರಿದು ಮತ್ತೆ ಅಡ್ಡವಾಗುತ್ತಾರಲ್ಲ, ಹಾಗೆ ನಾವಿಬ್ಬರು ಇಷ್ಟು ದಿನ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಯಂತ್ರದ ಜೀವ ತೆಗೆದಿದ್ದೆವು. ಇಬ್ಬರೂ ಒಂದನೇ ಜಾಗದಲ್ಲಿದ್ದರೆ ಕತ್ತಲೆ. ಇಬ್ಬರೂ ಎರಡನೇ ಜಾಗಕ್ಕೆ ಹೋದರೆ ಒಂದನೇ ಮನೆ ಖಾಲಿ, ಯಂತ್ರ ಬಾಗಿಲು ಬಡಿದು ಬಡಿದು ಅಂಕೆ ತೋರಿಸಿ ನಿಲ್ಲುವುದು. ಭಾವನ ತುಟಿಯ ತುದಿ ಅಲುಗಿತು. ಅತ್ತೆಗೆ ಏನು ತಿಳಿಯಿತೋ, "ಅಯ್ಯ ಶಿವನ" ಅಂತ ಅಲ್ಲೇ ಕೂತುಬಿಟ್ಟರು.

"ನಿಮ್ಮದು ಹೊಳ್ಳಿ ಒಂದನೇ ಜಾಗಾಕ್ಕ ಬರಲಿ" ಅಂದೆ. "ಯಂತ್ರ ಹಳೇ ಡಿಸ್ಕಿನಿಂದ ಚಾಲೂ ಆಗಬೇಕು. ನಂದು ಸರಿದೈತಿ, ಹಂಗ ಇರಲಿ. ಇನ್ನ ಇಬ್ಬರೂ ಮುಟ್ಟೂದು ಬ್ಯಾಡ."

ಭಾವ ಮುಚ್ಚಳ ತೆಗೆದರು. ತಮ್ಮ ಕಾರ್ಡು ಹೊರಗೆಳೆದು, ಟೊಪ್ಪಿಗೆ ಕಿತ್ತು ಮೊದಲಿನ ಜೋಡಿಗೆ ತೊಡಿಸಿ, ನಾನು ನೋಡಲಿ ಅಂತ ಬೆಳಕಿಗೆ ಹಿಡಿದರು. ನಾನು ಹೂಂ ಅಂದೆ. ಸಿಗಿಸಿ ಸ್ವಿಚ್ಚು ಒತ್ತಿದರು. ಹಳೆಯದು ಗುರ್ ಅಂತ ಎದ್ದಿತು, ಅದರ ಹಿಂದೆಯೇ ಹೊಸದು ಸಣ್ಣ ದನಿಯಲ್ಲಿ ಎದ್ದಿತು. ಪರದೆಯ ಮೇಲೆ ಅಕ್ಷರ ಬಂದವು. ನಾನು ನಿಂತಲ್ಲೇ ಬಗ್ಗಿ ಕೀಲಿ ಒತ್ತಿ ಹಳೆಯದನ್ನು ಹೊಸದಕ್ಕೆ ಕಳಿಸಲು ಹೇಳಿದೆ. ಎರಡು ಡಿಸ್ಕಿನ ಕೆಂಪು ದೀಪಗಳು ಒಂದಾದ ಮೇಲೊಂದು ಮಿಣುಕತೊಡಗಿದವು. ಸ್ಟೆಬಿಲೈಸರಿನ ಮುಳ್ಳು ಇಳಿಯುವ ಮೊದಲೇ ಎಲ್ಲ ದಾಟಿ ಮುಗಿಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹಂಡೆಯ ಹೊಗೆ ಅಂತ ಒರೆಸಿಕೊಂಡೆ.

ಆದರೆ ಮಾವನ ಮುಖ ಬಿಗಿದೇ ಇತ್ತು. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು. "ಭಾವನ ಮುಂದ ನಿಂತು ದನಿ ಏರಿಸಿ ಮಾತಾಡೂದು ಈ ಮನ್ಯಾಗ ಇವತ್ತ ನೋಡಿದೆ. ಮಿಷನ್ ನಡದ್ರ ನಡೀಲಿ. ಸಾಹುಕಾರ್ರ ಕೆಲಸ ಇನ್ನ ದೊಡ್ಡಾಂವ ಮಾಡ್ತಾನ. ಅಕೀಗೆ ಹೇಳು, ಒಳಗಿಂದು ನೋಡ್ಕೊಳ್ಳಲಿ."

ಹೇಳುವ ಅಗತ್ಯವಿರಲಿಲ್ಲ, ನಾನು ಅಲ್ಲೇ ನಿಂತಿದ್ದೆ. ಅತ್ತೆ ಹೇಳಲೂ ಇಲ್ಲ. ನಾನು ಒಳಗೆ ಹೋಗಿ ಹಿಟ್ಟು ನಾದತೊಡಗಿದೆ. ಗೆದ್ದ ಕೆಲಸ ಕೈಬಿಟ್ಟು ಹೋದರೆ ಸೋತದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಅಂದು ಮಧ್ಯಾಹ್ನ ಅತ್ತೆ ತಟ್ಟೆ ಮುಂದಿಟ್ಟು, "ಒಂದ್ ತುತ್ತರ ತಿನ್ನವ್ವ" ಅಂತ ಎರಡು ಸಲ ಅಂದು, ಹಾಗೇ ಎತ್ತಿಟ್ಟರು.

ಸಂಜೆ ಸಾಹುಕಾರರು ಬಂದರು. ಅಂದು ಭಾವ ಅಂಗಡಿ ಬೇಗ ಮುಚ್ಚಿ ಬಂದಿದ್ದರು. ಪೇಟೆಯ ಪರಿಚಯದವರ ಅಂಗಡಿಯಿಂದ ದೊಡ್ಡ ಸ್ಟೆಬಿಲೈಸರೊಂದನ್ನು ಹೊತ್ತು ತಂದು ಯಂತ್ರಕ್ಕೆ ಜೋಡಿಸಿದ್ದರು. ಚಾಲೂ ಮಾಡಿ ಹೊಸ ಡಿಸ್ಕಿನಿಂದ ಕ್ಯಾಂಪುಗಳ ಹೆಸರು ಒಂದೊಂದಾಗಿ ಬರುವುದನ್ನು ತೋರಿಸಿದಾಗ ಸಾಹುಕಾರರು ಕುರ್ಚಿ ಮುಂದಕ್ಕೆಳೆದುಕೊಂಡರು. "ಭಾಳ ಛಲೋ ಆಯ್ತು. ಮತ್ತೆ ಕೆಲಸ ಯಾರು ನೋಡ್ಕೊಳ್ತೀರಿ?" ಅಂತ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಚಹಾದ ನೀರು ಇಡಬೇಕಿತ್ತು, ಕೈ ಏಳಲಿಲ್ಲ.

"ನಮ್ಮ ದೊಡ್ಡಾಂವ" ಅಂದರು ಮಾವ.

ಭಾವ ಅಪ್ಪನ ಮಾತಿಗೆ ಎದುರಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಲಗ್ನದ ವಿಷಯದಲ್ಲಿಯೂ ಆಡಿರಲಿಲ್ಲವಂತೆ, ಅಂಗಡಿಯ ವಿಷಯದಲ್ಲಿಯೂ ಆಡಿರಲಿಲ್ಲವಂತೆ. ಅವರು ಯಂತ್ರದ ಮುಂದಿನ ಕುರ್ಚಿಯಿಂದ ಎದ್ದು ನಿಂತರು.

"ನನಗ ಬರೂದಿಲ್ರಿ ಇದು" ಅಂದರು ಸಾಹುಕಾರರಿಗೆ. "ನಾ ರೇಡಿಯೋ ರಿಪೇರಿ ಮಾಡಾಂವ. ಇವತ್ತ ಮುಂಜಾನಿ ಇದು ನಡದದ್ದು ನಮ್ಮ ತಮ್ಮನ ಹೆಂಡತಿ ಬಾಯಿ ಬಿಟ್ಟು ಕೇಳಿದ್ದಕ್ಕ. ಅಕಿ ಕೇಳದಿದ್ರ ನಾ ಇನ್ನೂ ಟೊಪ್ಪಿಗಿ ಸರಿಸ್ಕೋತ ಕುಂತಿರ್ತಿದ್ದೆ. ಕೆಲಸ ಅಕಿದು." ಆಮೇಲೆ ತಾಯಿಯ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ತಿರುಗಿ, ನನಗೇ ಹೇಳಿದರು. "ಬಾ ತಂಗಿ. ಕುಂದ್ರು ಬಾ."

ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಮಾವ ಇದ್ದಲ್ಲಿ, ಭಾವ ನಿಂತಲ್ಲಿ, ಆ ಮನೆಯ ಸೊಸೆಯಾಗಿ ಮೊದಲ ಸಲ ಕುರ್ಚಿಯ ಮೇಲೆ ಕೂತೆ. ಸಾಹುಕಾರರು ಯಾವುದೋ ಕ್ಯಾಂಪಿನ ಹೆಸರು ಹೇಳಿ ತೋರಿಸಲು ಕೇಳಿದರು. ಬೆನ್ನ ಹಿಂದೆ ಮಾವ ಏನನ್ನುತ್ತಾರೋ ಅಂತ ಕಿವಿ ಎಲ್ಲ ಅತ್ತಲೇ. ಬೆರಳು ಮಾತ್ರ ಅಕ್ಷರ ಹುಡುಕಿಕೊಂಡವು.

ಅತ್ತೆ ಇನ್ನೂ ಹೊಸ್ತಿಲ ಮೇಲೇ ನಿಂತಿದ್ದರು. ಮಾವ ಗಂಟಲು ಸರಿಮಾಡಿಕೊಂಡು ಹೆಂಡತಿಗೆ ಹೇಳಿದರು.

"ಏನ್ ನೋಡ್ಕೋತ ನಿಂತಿ? ಸಾಹುಕಾರ್ರಿಗೆ ಚಾ ಇಡು ಹೋಗು. ಅಕಿ ಕೆಲಸದಾಗ ಅದಾಳ."